ಸತ್ತವರ ಪಟ್ಟಿ, ಬದುಕಿದವರ ಪಟ್ಟಿ

ಬೆಳಿಗ್ಗೆ ಆರು ಗಂಟೆಗೆ ಹಾಲ್‌ನ ದೀಪ ಹಾಕಿದಾಗ ಸೀಗಡಿ ಮರಳಿನ ಮೇಲೆ ಅಡ್ಡಬಿದ್ದಿತ್ತು. ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡವರು ಇಂಥದ್ದನ್ನು ಕಂಡ ಕೂಡಲೇ ಸಾವೆಂದು ತೀರ್ಮಾನಿಸುವುದಿಲ್ಲ, ಏಕೆಂದರೆ ಸೀಗಡಿಯು ಕೆಲವು ವಾರಗಳಿಗೊಮ್ಮೆ ಮೈಮೇಲಿನ ಚಿಪ್ಪನ್ನು ಹಾವು ಪೊರೆ ಬಿಟ್ಟಂತೆ ಬಿಡುತ್ತದೆ, ಆ ಪೊರೆಯೂ ಕಾಲು ಮೀಸೆಗಳ ಸಮೇತ ಇಡೀ ಸೀಗಡಿಯಂತೆಯೇ ಕಾಣುತ್ತದೆ. ಪೊರೆಯಾದರೆ ಗಾಜಿನ ಹಾಗೆ ತಿಳಿಯಾಗಿರುತ್ತದೆ, ತಲೆಯ ಭಾಗವೂ ಬಾಲದ ಭಾಗವೂ ಕೂಡುವಲ್ಲಿ ಬೆನ್ನಿನ ಮೇಲೆ ಒಂದು ಸೀಳು ಇರುತ್ತದೆ, ನೀರು ಅಲುಗಿದ ಕಡೆಗೆ ತಾನೂ ಅಲುಗುತ್ತದೆ. ಹೆಣವಾದರೆ ಒಳಗಿನ ಮಾಂಸ ಬೇಯಿಸಿದಂತೆ ಬಿಳಿಚಿಕೊಂಡು, ಇದ್ದಲ್ಲೇ ಭಾರವಾಗಿ ಕೂರುತ್ತದೆ. ಆ ದಿನ ನಾನು ಉದ್ದನೆಯ ಇಕ್ಕಳದಿಂದ ಮೇಲೆತ್ತಿ ಅಂಗೈ ಮೇಲೆ ಇಟ್ಟುಕೊಂಡದ್ದು ಪೊರೆಯಾಗಿರಲಿಲ್ಲ. ಕೆಂಪು ಬೆನ್ನಿನ ನಡುವಿನ ಬಿಳಿ ಗೆರೆ ಮಾತ್ರ ಬದುಕಿದ್ದಾಗಿನಷ್ಟೇ ಅಚ್ಚುಕಟ್ಟಾಗಿತ್ತು.

ಇದು 2023ರ ಅಕ್ಟೋಬರ್ ಕೊನೆಯ ಮಾತು. ಮುಂಬೈನ ಮುಲುಂಡ್ ಪೂರ್ವದ ನಮ್ಮ ಮನೆಯ ಹಾಲ್ ಹದಿನೈದು ಅಡಿ ಉದ್ದ, ಹತ್ತು ಅಡಿ ಅಗಲದ್ದು. ಅದರ ಒಂದು ಗೋಡೆಗೆ ಮೂರು ಅಡಿ ಉದ್ದದ ಗಾಜಿನ ತೊಟ್ಟಿಯೊಂದು 2021ರಿಂದ ಇದೆ. ಕೆಳಗಿನ ಕಪಾಟಿನಲ್ಲಿ ಅಡಗಿರುವ ಸಂಪ್ ಎಂಬ ಎರಡನೆಯ ತೊಟ್ಟಿಯ ನೀರನ್ನೂ ಸೇರಿಸಿದರೆ ಸುಮಾರು 200 ಲೀಟರ್ ಆಗುತ್ತದೆ. ಒಳಗಿರುವುದು ಒಣಕಲ್ಲು, ಮರಳು, ಒಂದಿಷ್ಟು ಮೀನು, ಸೀಗಡಿ, ಏಡಿ ಮತ್ತು ಬಸವನಹುಳುಗಳು. ಹವಳವಿಲ್ಲ. ಕಲ್ಲು ಹವಳಗಳೆಲ್ಲವನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿರುವುದರಿಂದ, ಅಂಗಡಿಯವರು ಪಿಸುದನಿಯಲ್ಲಿ ತಂದುಕೊಡುತ್ತೇವೆಂದರೂ ನಾನು ಬೇಡವೆಂದೇ ಹೇಳಿದ್ದೇನೆ. ಈ ಹುಚ್ಚು ಹತ್ತಿದ್ದು ಚಿಕ್ಕಂದಿನಲ್ಲಿ. ಊರಿನಿಂದ ಮೊದಲ ಸಲ ಮುಂಬೈಗೆ ಬಂದಾಗ ದೊಡ್ಡಪ್ಪ ನನ್ನನ್ನು ಮರೀನ್ ಡ್ರೈವ್‌ನ ತಾರಾಪೋರ್‌ವಾಲಾ ಅಕ್ವೇರಿಯಂಗೆ ಕರೆದೊಯ್ದಿದ್ದರು. 1951ರಲ್ಲಿ ತೆರೆದ ಆ ಮತ್ಸ್ಯಾಲಯದ ಮಬ್ಬು ಬೆಳಕಿನ ಸಾಲಿನಲ್ಲಿ, ನಾವು ದಿನಾ ಸಾರು ಮಾಡಿ ಉಣ್ಣುವ ಜಾತಿಗೆ ಸೇರಿದ ಪ್ರಾಣಿಯನ್ನು ಜನ ಟಿಕೆಟ್ ಕೊಂಡು ಸುಮ್ಮನೆ ನೋಡುತ್ತಾರೆಂಬುದೇ ಗಂಗೊಳ್ಳಿಯ ಹುಡುಗನಿಗೆ ದೊಡ್ಡ ಸೋಜಿಗವಾಗಿತ್ತು.

ಅಕ್ಟೋಬರ್ ಕೊನೆಯಿಂದ ಡಿಸೆಂಬರ್ 9ರವರೆಗೆ ಸತ್ತವರ ಪಟ್ಟಿ ನನ್ನ ಟಿಪ್ಪಣಿ ಪುಸ್ತಕದಲ್ಲಿದೆ: ಕ್ಲೀನರ್ ಸೀಗಡಿ ಎರಡು, ಹರ್ಮಿಟ್ ಏಡಿ ಐದು, ಮೀನುಗಳಲ್ಲಿ ಫೈರ್‌ಫಿಶ್ ಒಂದು, ರಾಯಲ್ ಗ್ರಾಮಾ ಒಂದು. ಸತ್ತ ಮೀನುಗಳ ಮೈಮೇಲೆ ಗಾಯವಿರಲಿಲ್ಲ, ಚುಕ್ಕೆಯಿರಲಿಲ್ಲ, ರೆಕ್ಕೆ ಕೊಳೆತಿರಲಿಲ್ಲ, ಹಿಂದಿನ ಸಂಜೆ ಎಲ್ಲವೂ ತಿಂಡಿಗೆ ಮುಗಿಬಿದ್ದಿದ್ದವು. ಎಲ್ಲ ಸಾವೂ ರಾತ್ರಿ ಹನ್ನೊಂದರ ನಂತರ, ಬೆಳಿಗ್ಗೆ ಆರರ ಮುಂಚೆ ನಡೆದಿತ್ತು. ನಾನು ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡುವ ವಿಭಾಗದಲ್ಲಿ ಇಪ್ಪತ್ತು ವರ್ಷ ಕಳೆದವನು. ಎಲ್ಲೋ ಒಂದು ಕಡೆ ತಪ್ಪು ನಮೂದಾಗಿದೆ, ಹುಡುಕಿದರೆ ಸಿಗುತ್ತದೆ ಎಂಬ ನಂಬಿಕೆಯಿಂದಲೇ ಹುಡುಕಲು ಕುಳಿತೆ.

ಮೊದಲು ನೋಡಬೇಕಾದದ್ದು ಅಮೋನಿಯಾ. ಮೀನಿನ ಮಲಮೂತ್ರದಿಂದಲೂ ಉಳಿದು ಕೊಳೆತ ತಿಂಡಿಯಿಂದಲೂ ಹುಟ್ಟುವ ಅಮೋನಿಯಾವನ್ನು ಕಲ್ಲು ಮತ್ತು ಮರಳಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಯೂ ನಂತರ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಸಮುದ್ರದ ನೀರಿನ ಪಿಎಚ್ 8.2ರ ಆಸುಪಾಸಿನಲ್ಲಿರುವುದರಿಂದ ಅಲ್ಲಿ ಅಮೋನಿಯಾದ ವಿಷಕಾರಿ ರೂಪದ ಪಾಲು ಹೆಚ್ಚು, ಆದ್ದರಿಂದ ಸಿಹಿನೀರಿನ ತೊಟ್ಟಿ ಹೇಗೋ ತಡೆದುಕೊಳ್ಳುವ ಪ್ರಮಾಣವನ್ನು ಉಪ್ಪುನೀರಿನ ತೊಟ್ಟಿ ತಡೆದುಕೊಳ್ಳುವುದಿಲ್ಲ. ಬಾಲ್ಕನಿಯ ಬಿಸಿಲಿನಲ್ಲಿ ಪರೀಕ್ಷೆಯ ನಳಿಗೆಯನ್ನು ಬಣ್ಣದ ಚೀಟಿಯ ಪಕ್ಕ ಹಿಡಿದು, ಇದು ಹಳದಿಯೋ ತಿಳಿಹಸಿರೋ ಎಂದು ಹೆಂಡತಿಯನ್ನೂ ಕರೆದು ಕೇಳಿದೆ. ಅಪ್ಪಟ ಹಳದಿ ಎಂದಳು. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 10. ಇಷ್ಟು ಒಳ್ಳೆಯ ಅಂಕಿಗಳ ನಡುವೆ ಸಾವು ಕಂಡರೆ ಮನುಷ್ಯನಿಗೆ ಸಮಾಧಾನವಾಗುವುದಿಲ್ಲ, ಸಿಟ್ಟು ಬರುತ್ತದೆ.

ನಂತರ ಉಪ್ಪಿನ ಸರದಿ ಬಂತು, ಇಲ್ಲಿ ಒಂದು ತಪ್ಪು ನಿಜವಾಗಿಯೂ ಸಿಕ್ಕಿತು. ಸಮುದ್ರದ ನೀರಿನಲ್ಲಿ ಸಾವಿರಕ್ಕೆ ಸುಮಾರು 35 ಪಾಲು ಲವಣವಿರುತ್ತದೆ. ಲವಣ ಅಳೆಯುವ ನನ್ನ ರಿಫ್ರ್ಯಾಕ್ಟೋಮೀಟರ್ ಕೂಡ ತಪ್ಪದೆ 35 ಎನ್ನುತ್ತಿತ್ತು. ಆದರೆ ಅದನ್ನು ನಾನು ಯಾವಾಗಲೂ ಆರ್‌ಒ ನೀರಿನ ಹನಿ ಇಟ್ಟು ಸೊನ್ನೆಗೆ ಹೊಂದಿಸುತ್ತಿದ್ದೆ. ಸೊನ್ನೆಯಲ್ಲಿ ಸರಿಯಿರುವ ಅಳತೆಗೋಲು ಮೂವತ್ತೈದರಲ್ಲೂ ಸರಿಯಿರಬೇಕೆಂದೇನಿಲ್ಲ. 35ರ ಪ್ರಮಾಣಿತ ದ್ರಾವಣ ತರಿಸಿ ಹೊಂದಿಸಿ ನೋಡಿದಾಗ ತೊಟ್ಟಿಯ ನೀರು 39 ತೋರಿಸಿತು. ಅಕ್ಟೋಬರಿನ ಸೆಕೆಯಲ್ಲಿ ಫ್ಯಾನಿನ ಕೆಳಗೆ ದಿನಕ್ಕೆ ಎರಡು ಮೂರು ಲೀಟರ್ ನೀರು ಆವಿಯಾಗುತ್ತದೆ, ಉಪ್ಪು ಮಾತ್ರ ಆವಿಯಾಗದೆ ಅಲ್ಲಿಯೇ ಉಳಿಯುತ್ತದೆ. ಅಬ್ಬಾ, ಕಳ್ಳ ಸಿಕ್ಕಿಬಿದ್ದ ಎಂದುಕೊಂಡು ಒಂದು ವಾರದಲ್ಲಿ ನಿಧಾನವಾಗಿ 35ಕ್ಕೆ ಇಳಿಸಿದೆ. ಅದೇ ವಾರ ಇನ್ನೆರಡು ಏಡಿ ಸತ್ತವು. ಆಮೇಲೆ ಯೋಚಿಸಿದರೆ, ಕೆಂಪು ಸಮುದ್ರದ ನೀರಿನ ಲವಣಾಂಶವೇ 40ರ ಆಸುಪಾಸಿನಲ್ಲಿದೆ, ಅಲ್ಲಿ ಮೀನು ಸೀಗಡಿಗಳಿಗೆ ಬರವಿಲ್ಲ. ನಿಧಾನವಾಗಿ ಏರಿದ ನಾಲ್ಕು ಅಂಶ ಒಂದೇ ರಾತ್ರಿಯಲ್ಲಿ ಯಾರನ್ನೂ ಕೊಲ್ಲುವುದಿಲ್ಲ.

ರಾತ್ರಿಯೇ ಸಾಯುತ್ತವೆ ಎಂಬುದರಿಂದ ಆಮ್ಲಜನಕದ ಮೇಲೆ ಗುಮಾನಿ ಹೋಯಿತು. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, ಸಮುದ್ರದ ನೀರು 7ನ್ನೂ ಮುಟ್ಟುವುದಿಲ್ಲ, ನೀರು ಬಿಸಿಯಾದಷ್ಟೂ ಅದು ಇನ್ನೂ ಕುಗ್ಗುತ್ತದೆ. 2020ರ ಅಕ್ಟೋಬರ್ 12ರಂದು ಮುಂಬೈನ ಬಹುಭಾಗ ಗಂಟೆಗಟ್ಟಲೆ ಕರೆಂಟಿಲ್ಲದೆ ಕುಳಿತ ನೆನಪು ಹಸಿಯಾಗಿದ್ದುದರಿಂದ, ತೊಟ್ಟಿ ಕೊಂಡ ದಿನವೇ ಬ್ಯಾಟರಿಯ ಏರ್ ಪಂಪನ್ನೂ ಕೊಂಡಿದ್ದೆ. ಈಗ ಅದನ್ನು ರಾತ್ರಿಯಿಡೀ ಓಡಿಸಿದೆ. ತಾಪಮಾನ 27 ದಾಟದಂತೆ ಫ್ಯಾನ್ ಹಚ್ಚಿದೆ. ಮಲ್ಟಿಮೀಟರಿನ ಕಡ್ಡಿಯನ್ನು ನೀರಿಗಿಳಿಸಿ ಮೋಟಾರಿನಿಂದ ವಿದ್ಯುತ್ ಸೋರುತ್ತಿದೆಯೇ ಎಂದೂ ನೋಡಿದೆ. ಏನೂ ಬದಲಾಗಲಿಲ್ಲ.

ರೋಗವಿರಬಹುದೇ ಎಂದು ಯೋಚಿಸಿದಾಗ ಮೊದಲ ಬಾರಿಗೆ ಲೆಕ್ಕ ಸ್ವಲ್ಪ ತಿಳಿಯಾಯಿತು. ಉಪ್ಪುನೀರಿನ ಮೀನುಗಳನ್ನು ರಾತ್ರಿ ಬೆಳಗಾಗುವುದರೊಳಗೆ ಕೊಲ್ಲುವ ಪರೋಪಜೀವಿಗಳು ಇವೆ, ವೆಲ್ವೆಟ್ ಎಂದು ಕರೆಯುವುದು ಅವುಗಳಲ್ಲಿ ಅತಿ ಕ್ರೂರವಾದದ್ದು. ಆದರೆ ಅದು ಮೀನಿನ ಕಿವಿರು ಕಾಡುವ ರೋಗ, ಸೀಗಡಿ ಏಡಿಗಳ ತಂಟೆಗೆ ಬರುವುದಿಲ್ಲ. ದೂರದ ಸಮುದ್ರಗಳಲ್ಲಿ ಸಯನೈಡ್ ಚಿಮುಕಿಸಿ ಹಿಡಿದ ಮೀನುಗಳು ವಾರಗಳ ನಂತರ ಸಾಯುತ್ತವೆಂಬುದೂ ನಿಜ, ಅದಕ್ಕೂ ಏಡಿಯ ಸಾವಿಗೂ ಸಂಬಂಧವಿಲ್ಲ. ಮೀನು, ಸೀಗಡಿ, ಏಡಿ ಮೂವರೂ ಒಟ್ಟಿಗೆ ಸಾಯುತ್ತಿದ್ದಾರೆಂದರೆ ಅದು ರೋಗವಲ್ಲ, ವಿಷ.

ವಿಷ ಎಂದ ಕೂಡಲೇ ಈ ಹವ್ಯಾಸದಲ್ಲಿರುವ ಎಲ್ಲರ ಬಾಯಿಂದ ಬರುವ ಮೊದಲ ಹೆಸರು ತಾಮ್ರ. ಮೀನಿನ ಪರೋಪಜೀವಿಗೆ ಔಷಧಿಯಾಗಿ ಬಳಸುವಷ್ಟು ತಾಮ್ರವೇ ಸೀಗಡಿ, ಬಸವನಹುಳುಗಳನ್ನು ಮುಗಿಸಿಬಿಡುತ್ತದೆ. ಮುಂಬೈಗೆ ಏಳು ಕೆರೆಗಳಿಂದ ಬರುವ ನೀರು ಮೆದುವಾದದ್ದು. ಅಂಥ ನೀರು ನಮ್ಮ ಕಟ್ಟಡದ ಹಳೆಯ ಹಿತ್ತಾಳೆ ನಲ್ಲಿ, ಕೊಳವೆ ಜೋಡಣೆಗಳಲ್ಲಿ ಇಡೀ ರಾತ್ರಿ ನಿಂತರೆ ಲೋಹ ಕರಗುವುದು ಅಸಂಭವವಲ್ಲ. ಆರ್‌ಒ ಯಂತ್ರದ ಪೊರೆ, ಕಾರ್ಟ್ರಿಡ್ಜ್ ಎಲ್ಲ ಬದಲಿಸಿದೆ, ಪಂಪುಗಳನ್ನು ಬಿಚ್ಚಿ ತುಕ್ಕು ಹಿಡಿದ ಆಯಸ್ಕಾಂತವಿದೆಯೇ ಎಂದು ನೋಡಿದೆ, ತಾಮ್ರದ ಪರೀಕ್ಷೆ ಮಾಡಿದೆ. ನಳಿಗೆಯಲ್ಲಿ ಬಣ್ಣವೇ ಬರಲಿಲ್ಲ. ಆಗ ಉಳಿದದ್ದು ಉಪ್ಪಿನ ಬಕೆಟ್. ಮಾರುಕಟ್ಟೆಯಲ್ಲಿ ಸಿಗುವ ಸಮುದ್ರದ ಉಪ್ಪಿನ ಮಿಶ್ರಣದಲ್ಲಿಯೇ ಏನೋ ಕಲಬೆರಕೆಯಿದೆ ಎಂದು ಮನಸ್ಸಿನಲ್ಲಿ ತೀರ್ಪು ಕೊಟ್ಟು, ಅದನ್ನು ಮಾರಿದ ಅಂಗಡಿಯವನಿಗೆ ಫೋನ್ ಮಾಡಿ, ಈಗ ನೆನೆದರೆ ನಾಚಿಕೆಯಾಗುವಂಥ ದನಿಯಲ್ಲಿ ಮಾತನಾಡಿದೆ. ಅರ್ಧ ಬಕೆಟ್ ಉಪ್ಪನ್ನು ಚೆಲ್ಲಿ ಬೇರೆ ಕಂಪನಿಯದ್ದು ತಂದೆ, ಸಂಪ್‌ನಲ್ಲಿ ಸಕ್ರಿಯ ಇದ್ದಿಲಿನ ಚೀಲವನ್ನೂ ಇಟ್ಟೆ.

ಸಾವು ನಿಂತಿತು. ಡಿಸೆಂಬರ್ 9ರ ನಂತರ ಆರು ತಿಂಗಳ ಮೇಲೆ ಒಂದು ಜೀವವೂ ಹೋಗಲಿಲ್ಲ. ಹೊಸ ಸೀಗಡಿ ಒಂದು ತಂದೆ, ಏಡಿ ನಾಲ್ಕು ತಂದೆ, ಎಲ್ಲವೂ ಕ್ಷೇಮವಾಗಿದ್ದವು. ಪುಸ್ತಕದಲ್ಲಿ ಕೆಂಪು ಶಾಯಿಯಿಂದ "ಕಾರಣ: ಉಪ್ಪು" ಎಂದು ಬರೆದು ಅಡಿಗೆರೆ ಎಳೆದೆ. ಲೆಕ್ಕ ತಾಳೆಯಾಗಿತ್ತು. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿದಾಗಲೂ ಲೆಕ್ಕ ತಾಳೆಯಾಗುತ್ತದೆ ಎಂಬುದು ನನ್ನ ವೃತ್ತಿಯ ಮೊದಲ ಪಾಠ, ಅದು ಆಗ ನೆನಪಾಗಲಿಲ್ಲ.

ನಾನು ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದೊಂದಿತ್ತು. ನವರಾತ್ರಿಯ ಹೊತ್ತಿಗೆ ಅಮ್ಮ ಊರಿನಿಂದ ಬಂದವರು ಡಿಸೆಂಬರ್ ಎರಡನೆಯ ವಾರ ಹಿಂದಿರುಗಿದ್ದರು. ಥಾಣೆ ಸ್ಟೇಷನ್ನಿನಲ್ಲಿ ಅವರನ್ನು ಮತ್ಸ್ಯಗಂಧ ರೈಲಿಗೆ ಹತ್ತಿಸಿ ಬಂದ ಮರುದಿನವೇ ನಾನು ಹೊಸ ಉಪ್ಪಿನ ಮೊದಲ ಬಕೆಟ್ ಕಲಸಿದ್ದು. ಅಮ್ಮನಿಗೆ ನನ್ನ ತೊಟ್ಟಿಯ ಮೇಲೆ ಪ್ರೀತಿಯೂ ಇತ್ತು, ತಕರಾರೂ ಇತ್ತು. "ಸಮುದ್ರ ಇಲ್ಲೇ ಇತ್ತ್ ಅಲ್ದಾ ಮಗಾ, ದುಡ್ಡ್ ಕೊಟ್ಟ್ ಉಪ್ಪ್ ತಂದ್ ಮನಿಯೊಳ್ಗೆ ಸಮುದ್ರ ಮಾಡುದಾ?" ಎಂದು ಅವರು ಕೇಳಿದಾಗ, ಈ ಊರಿನ ಕರಾವಳಿಯ ನೀರಿಗೆ ಸೇರುವ ಚರಂಡಿಗಳ ಕಥೆಯನ್ನು ಹೇಳಿದ್ದೆ. ಬೆಳಿಗ್ಗೆ ಮೀನು ಮಾರುಕಟ್ಟೆಯಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡಿ ಚೌಕಾಶಿ ಮಾಡುವ ಅದೇ ಅಮ್ಮ, ಫೈರ್‌ಫಿಶ್ ಸತ್ತ ದಿನ ಕಾಫಿ ಕುಡಿಯಲಿಲ್ಲ.

2024ರ ಜುಲೈಯಲ್ಲಿ ಅಮ್ಮ ಮತ್ತೆ ಬಂದರು, ಈ ಸಲ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ. ಅವರು ಬಂದ ಆರನೆಯ ದಿನ ಒಂದು ಏಡಿ ಸತ್ತಿತು, ಎಂಟನೆಯ ದಿನ ಇನ್ನೆರಡು, ಹತ್ತನೆಯ ದಿನ ಮೂರು ವರ್ಷದಿಂದ ನಮ್ಮೊಡನಿದ್ದ ಕ್ಲೌನ್ ಮೀನಿನ ಜೋಡಿಯಲ್ಲಿ ಚಿಕ್ಕದು. ಉಪ್ಪು ಅದೇ ಹೊಸ ಕಂಪನಿಯದ್ದು, ಆರ್‌ಒ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣದ ಅಳತೆ, ಬರೀ 4, ಎಲ್ಲ ಅಂಕಿಗಳೂ ಮೊದಲಿನಂತೆ ನಿರ್ದೋಷಿ. ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ಅಮ್ಮ, ನಾನು ಮೀನನ್ನು ಕಾಗದದಲ್ಲಿ ಸುತ್ತುತ್ತಿರುವುದನ್ನು ಇನ್ನೊಂದು ಕಣ್ಣಿನಿಂದ ನೋಡಿ, "ನನ್ ಕಾಲ್ಗುಣವೇ ಸಮ ಇಲ್ಲೆ ಮಗಾ. ಹೋದ್ ಸಲವೂ ಹೀಂಗೇ ಆಯ್ತಲ್ದಾ?" ಎಂದರು. ಅಂಥದ್ದೆಲ್ಲ ಮಾತಾಡಬೇಡಿ ಅಮ್ಮ, ಕಾಲ್ಗುಣವೂ ಇಲ್ಲ ಏನೂ ಇಲ್ಲ ಎಂದು ಗದರಿದೆ. ಅವರಿಗೆ ನೋವಾಗದಿರಲೆಂದು ಗದರಿದ್ದೇ ಹೊರತು ಬೇರೇನಿಲ್ಲ. ಆದರೆ ಒಂಬತ್ತು ತಿಂಗಳಿನಲ್ಲಿ ನನ್ನ ಮುಂದೆ ಬಂದ ಏಕೈಕ ಸರಿಯಾದ ಸುಳಿವನ್ನು, ಅದು ಮೂಢನಂಬಿಕೆಯ ಸೀರೆಯುಟ್ಟು ಬಂದಿತೆಂಬ ಒಂದೇ ಕಾರಣಕ್ಕೆ, ನಾನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಸತ್ತವರ ಪಟ್ಟಿಯನ್ನು ಎಷ್ಟು ಸಲ ಓದಿದರೂ ಹೊಸದೇನೂ ಹೊಳೆಯದಿದ್ದಾಗ, ಪಕ್ಕದ ಪುಟದಲ್ಲಿ ಬದುಕಿದವರ ಪಟ್ಟಿ ಬರೆದೆ. ದೊಡ್ಡ ಕ್ಲೌನ್ ಮೀನು, ಒಂದು ಸೀಗಡಿ, ಒಂದು ಏಡಿ, ಎಂಟು ಟರ್ಬೋ ಬಸವನಹುಳು. ಪೆನ್ನು ಎಂಟರ ಮೇಲೆ ನಿಂತಿತು. 2021ರಲ್ಲಿ ತಂದದ್ದು ಎಂಟು, ಇಂದಿಗೂ ಎಂಟು. ತಾಮ್ರವಾಗಿದ್ದರೆ ಮೀನಿಗಿಂತ ಎಷ್ಟೋ ಮುಂಚೆ ಇವು ಗಾಜಿನಿಂದ ಕಳಚಿ ಬೀಳಬೇಕಿತ್ತು. ಅಮೋನಿಯಾ, ಉಪ್ಪಿನ ಏರಿಳಿತ, ಉಸಿರುಕಟ್ಟುವಿಕೆ, ಯಾವುದೂ ಇವುಗಳಿಗೆ ಮಾತ್ರ ವಿನಾಯಿತಿ ಕೊಡುವುದಿಲ್ಲ. ಸೀಗಡಿ ಏಡಿಗಳನ್ನು ಮೊದಲು, ಮೀನನ್ನು ನಂತರ ಕೊಂದು, ಬಸವನಹುಳುವನ್ನು ಮುಟ್ಟದೆ ಬಿಡುವ ವಿಷ ಯಾವುದು? ಸೀಗಡಿಯೂ ಏಡಿಯೂ ಜೋಡಣೆಯ ಕಾಲಿನ ಪ್ರಾಣಿಗಳು, ಜಿರಳೆ ಸೊಳ್ಳೆಗಳ ದೂರದ ದಾಯಾದಿಗಳು. ಹುಳುವನ್ನು ಕೊಲ್ಲಲು ಮಾಡಿದ ವಿಷ ಅವುಗಳನ್ನು ಗುರುತಿಸದೆ ಬಿಡುವುದಿಲ್ಲ. ಬಸವನಹುಳು ಹೆಸರಿಗಷ್ಟೇ ಹುಳು.

ಎರಡು ಗಂಟೆಗೆ ಎದ್ದು, ಟಾರ್ಚಿನ ಮುಖಕ್ಕೆ ಮಗಳ ಕ್ರಾಫ್ಟ್ ಡಬ್ಬಿಯ ಕೆಂಪು ಗಾಜುಕಾಗದ ಕಟ್ಟಿಕೊಂಡು ಹಾಲ್‌ಗೆ ಹೋದೆ. ಕೆಂಪು ಬೆಳಕು ಸೀಗಡಿಯ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಆದ್ದರಿಂದ ಅದು ಬೆದರಿ ಬಿಲ ಸೇರುವುದಿಲ್ಲ. ಹೊರಗೆ ಮಳೆ ಜೋರಾಗಿದ್ದುದರಿಂದ ಕಿಟಕಿಗಳೆಲ್ಲ ಮುಚ್ಚಿದ್ದವು, ಅಮ್ಮ ದಿವಾನದ ಮೇಲೆ ಮಗ್ಗುಲಾಗಿ ಮಲಗಿದ್ದರು. ಸೀಗಡಿ ಕಲ್ಲಿನ ಬುಡದಲ್ಲಿ ಒಂದು ಪಕ್ಕಕ್ಕೆ ವಾಲಿತ್ತು. ಹೊಟ್ಟೆಯ ಕೆಳಗಿನ ಈಜುಕಾಲುಗಳು ಒಂದೇ ಸಮನೆ ನಡುಗುತ್ತಿದ್ದವು, ಮೂರು ನಾಲ್ಕು ಸೆಕೆಂಡಿಗೊಮ್ಮೆ ಬಾಲ ಫಟ್ಟನೆ ಮಡಿಸಿ ಇಡೀ ದೇಹ ಒಂದು ಅಂಗುಲ ಹಿಂದಕ್ಕೆ ಚಿಮ್ಮುತ್ತಿತ್ತು, ಮತ್ತೆ ಅಡ್ಡಬೀಳುತ್ತಿತ್ತು. ಇದನ್ನು ನಾನು ಎಲ್ಲೋ ನೋಡಿದ್ದೇನೆ ಎನ್ನಿಸಿತು. ಅಡುಗೆಮನೆಯಲ್ಲಿ ಸ್ಪ್ರೇ ಹೊಡೆಸಿಕೊಂಡ ಜಿರಳೆ ಬೆನ್ನು ಕೆಳಗಾಗಿ ಬಿದ್ದು ಕಾಲು ಬಡಿಯುವುದು ಹೀಗೆಯೇ. ಟಾರ್ಚ್ ಆರಿಸಿದೆ. ಆದರೂ ಕತ್ತಲೆಯಲ್ಲಿ ಒಂದು ಕೆಂಪು ಚುಕ್ಕೆ ಉಳಿಯಿತು. ತೊಟ್ಟಿಯ ಕಪಾಟಿನ ಪಕ್ಕದ ಸ್ವಿಚ್ ಬೋರ್ಡಿನಲ್ಲಿ ಅಮ್ಮನ ಸೊಳ್ಳೆ ಮಷಿನ್ ಉರಿಯುತ್ತಿತ್ತು. ಅದರಿಂದ ಒಂದು ಗೇಣು ದೂರದಲ್ಲಿ, ಪೆನ್ಸಿಲ್ ದಪ್ಪದ ಸಿಲಿಕೋನ್ ಕೊಳವೆಯೊಂದು ಕಪಾಟಿನ ಸಂದಿನಿಂದ ಬಾಯಿ ಹೊರಹಾಕಿ, ಸದ್ದಿಲ್ಲದೆ ಗಾಳಿ ಕುಡಿಯುತ್ತಿತ್ತು.

ಆ ಕೊಳವೆ ಪ್ರೋಟೀನ್ ಸ್ಕಿಮ್ಮರ್‌ನದು. ಸಂಪ್‌ನೊಳಗಿನ ಈ ಯಂತ್ರ ಕೋಣೆಯ ಗಾಳಿಯನ್ನು ಎಳೆದುಕೊಂಡು, ನೀರಿನೊಡನೆ ಕಡೆದು, ಹಾಲಿನ ನೊರೆಯಂತೆ ನುಣ್ಣನೆಯ ಗುಳ್ಳೆಗಳನ್ನು ಎಬ್ಬಿಸುತ್ತದೆ. ನೀರಿನ ಜಿಡ್ಡು ಕೊಳಕೆಲ್ಲ ಆ ಗುಳ್ಳೆಗಳಿಗೆ ಅಂಟಿಕೊಂಡು ಮೇಲಿನ ಬಟ್ಟಲಿಗೆ ಕಂದು ಬಣ್ಣದ ಕಷಾಯವಾಗಿ ಇಳಿಯುತ್ತದೆ. ಗಾಳಿ ಮತ್ತು ನೀರು ಪರಸ್ಪರ ಎಷ್ಟು ಹೆಚ್ಚು ಮುಟ್ಟಿದರೆ ಅಷ್ಟು ಒಳ್ಳೆಯದು ಎಂಬುದೇ ಅದರ ತತ್ತ್ವ. ಆ ಗಾಳಿಯಲ್ಲಿ ಏನಿದೆ ಎಂದು ಅದು ಕೇಳುವುದಿಲ್ಲ.

ಮರುದಿನ ಸೀಸೆಯನ್ನು ಕಳಚಿ ಹಿಂದಿನ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿದೆ. ಟ್ರಾನ್ಸ್‌ಫ್ಲುತ್ರಿನ್, ಶೇಕಡಾ 0.88. ಇದು ಪೈರೆತ್ರಾಯಿಡ್ ಗುಂಪಿಗೆ ಸೇರಿದ್ದು. ಸೇವಂತಿಗೆಯ ಬಳಗದ ಒಂದು ಬಿಳಿ ಹೂವಿನಲ್ಲಿರುವ ಕೀಟನಾಶಕವನ್ನು ನೋಡಿ ಮನುಷ್ಯ ಪ್ರಯೋಗಾಲಯದಲ್ಲಿ ಕಟ್ಟಿದ ನಕಲುಗಳಿವು, ಮೊದಲನೆಯ ನಕಲಾದ ಅಲೆತ್ರಿನ್ 1949ರಷ್ಟು ಹಳೆಯದು. ನರಗಳಲ್ಲಿ ಸೋಡಿಯಂ ಹೋಗಿಬರುವ ಬಾಗಿಲುಗಳನ್ನು ಮುಚ್ಚಲು ಬಿಡದಿರುವುದು ಇವುಗಳ ಕೆಲಸ, ನಡುಕ ಹುಟ್ಟುವುದು ಅದರಿಂದಲೇ. ಬಿಸಿರಕ್ತದ ನಮ್ಮಂಥವರ ದೇಹ ಇವುಗಳನ್ನು ಬೇಗನೆ ಒಡೆದುಹಾಕುತ್ತದೆ. ಮೀನಿಗೆ ಆ ಶಕ್ತಿ ಕಡಿಮೆ, ಮೇಲಾಗಿ ಅದರ ಕಿವಿರು ನೀರಿನಲ್ಲಿರುವ ಚೂರುಪಾರನ್ನೂ ಹೀರಿಕೊಳ್ಳುತ್ತದೆ. ಮೃದ್ವಂಗಿಗಳ ಮೇಲೆ ಮಾತ್ರ ಪೈರೆತ್ರಾಯಿಡ್‌ಗಳ ಪ್ರಭಾವ ತೀರಾ ಕಡಿಮೆ. ಎಂಟು ಬಸವನಹುಳುಗಳ ರಹಸ್ಯ ಇಷ್ಟೇ ಆಗಿತ್ತು.

ಆದರೂ ಲೆಕ್ಕ ಹಾಕದೆ ನಂಬಲು ಮನಸ್ಸು ಒಪ್ಪಲಿಲ್ಲ, ಉಪ್ಪಿನ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡಿದ್ದೆ. 45 ಮಿಲಿಲೀಟರ್ ಸೀಸೆಯ ದ್ರವ ನೀರಿಗಿಂತ ಹಗುರ, ಅದರಲ್ಲಿರುವ ವಿಷದ ತೂಕ ಹೆಚ್ಚುಕಡಿಮೆ 300 ಮಿಲಿಗ್ರಾಂ. ನಮ್ಮ ಮನೆಯಲ್ಲಿ ಒಂದು ಸೀಸೆ ಸುಮಾರು ನಲವತ್ತು ರಾತ್ರಿ ಬರುತ್ತದೆ, ಎಂದರೆ ರಾತ್ರಿಗೆ ಏಳೆಂಟು ಮಿಲಿಗ್ರಾಂ. ಹಾಲ್‌ನಲ್ಲಿ ಹಿಡಿಯುವ ಗಾಳಿ ಸುಮಾರು 40,000 ಲೀಟರ್. ಸ್ಕಿಮ್ಮರ್ ಗಂಟೆಗೆ 300 ಲೀಟರ್‌ನಂತೆ ಎಂಟು ಗಂಟೆಗೆ 2,400 ಲೀಟರ್ ಗಾಳಿಯನ್ನು, ಅಂದರೆ ಹಾಲ್‌ನ ಗಾಳಿಯ ನೂರಕ್ಕೆ ಆರು ಪಾಲನ್ನು ಎಳೆಯುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ವಿಷ ಸಮನಾಗಿ ಹರಡಿತ್ತು, ಎಳೆದದ್ದೆಲ್ಲ ನೀರಿನಲ್ಲಿಯೇ ಉಳಿಯಿತು ಎಂದಿಟ್ಟುಕೊಂಡರೆ ಅರ್ಧ ಮಿಲಿಗ್ರಾಂಗೆ ತುಸು ಕಡಿಮೆ, 200 ಲೀಟರ್ ನೀರಿಗೆ ಹಂಚಿದರೆ ಲೀಟರಿಗೆ ಎರಡು ಮೈಕ್ರೋಗ್ರಾಂ. ಈ ವಿಷ ಮೀನನ್ನು ಕೊಲ್ಲಲು ಬೇಕಾದ ಪ್ರಮಾಣ ಲೀಟರಿಗೆ ಒಂದು ಮೈಕ್ರೋಗ್ರಾಂನ ಆಸುಪಾಸಿನಲ್ಲಿದೆ. ಎಳೆದದ್ದೆಲ್ಲ ನೀರಿನಲ್ಲಿ ಉಳಿಯುವುದಿಲ್ಲ, ಒಂದಷ್ಟು ನೊರೆಯೊಡನೆ ಬಟ್ಟಲಿಗೆ ಹೋಗುತ್ತದೆ, ಒಂದಷ್ಟನ್ನು ಇದ್ದಿಲು ಹಿಡಿಯುತ್ತದೆ, ಇನ್ನೊಂದಷ್ಟು ಗಾಜು ಕಲ್ಲುಗಳಿಗೆ ಅಂಟುತ್ತದೆ. ಅತ್ತ, ಮಷಿನ್ ಕೊಳವೆಯ ಬಾಯಿಂದ ಒಂದೇ ಗೇಣು ದೂರದಲ್ಲಿದ್ದುದರಿಂದ ವಿಷದ ಪಾಲು ಸಮನಾಗಿ ಹರಡಿದ್ದಕ್ಕಿಂತ ಹೆಚ್ಚೇ ಹೋಗಿರಬೇಕು. ಒಟ್ಟಿನಲ್ಲಿ ಅಸಾಧ್ಯವಾದ ಲೆಕ್ಕವೇನಲ್ಲ.

ಅಮ್ಮ ಬರುವ ಮೊದಲು ಆ ಮಷಿನ್ ಮಲಗುವ ಕೋಣೆಯಲ್ಲಿ, ಬಾಗಿಲಿನಾಚೆ ಇರುತ್ತಿತ್ತು. ಹಾಲ್‌ನಲ್ಲಿ ಯಾರೂ ಮಲಗುತ್ತಿರಲಿಲ್ಲವಾದ್ದರಿಂದ ಅಲ್ಲಿ ಅದರ ಅಗತ್ಯವಿರಲಿಲ್ಲ. ಅಮ್ಮನಿಗೆ ಸೊಳ್ಳೆ ಕಂಡರೆ ಆಗದು, ದಿವಾನಕ್ಕೆ ಹತ್ತಿರವಿದ್ದ ಸಾಕೆಟ್ ಅದೊಂದೇ. ಹೆಂಡತಿ ಪ್ರತಿ ರಾತ್ರಿ ಹನ್ನೊಂದಕ್ಕೆ, ಅತ್ತೆಗೆ ಹಾಸಿಗೆ ಹಾಸಿ, ಸ್ವಿಚ್ ಒತ್ತಿ, ದೀಪ ಆರಿಸಿ ಬರುತ್ತಿದ್ದಳು. ನನ್ನ ಟಿಪ್ಪಣಿ ಪುಸ್ತಕದಲ್ಲಿ ತಾಪಮಾನಕ್ಕೆ ಕಾಲಂ ಇತ್ತು, ಪಿಎಚ್‌ಗೆ ಇತ್ತು, ಉಪ್ಪಿನ ಬಕೆಟ್ಟಿನ ಬ್ಯಾಚ್ ಸಂಖ್ಯೆಗೂ ಇತ್ತು. ಗಾಜಿನಿಂದ ಈಚೆಗೆ ನಡೆದದ್ದಕ್ಕೆ ಒಂದು ಸಾಲೂ ಇರಲಿಲ್ಲ.

ಅಂದೇ ಮಷಿನ್ ತೆಗೆದು, ನೂರಕ್ಕೆ ನಲವತ್ತರಷ್ಟು ನೀರು ಬದಲಿಸಿ, ಹಳೆಯ ಇದ್ದಿಲನ್ನು ಎಸೆದು ಹೊಸದನ್ನು ಹಿಂದಿನ ಎರಡರಷ್ಟು ಹಾಕಿದೆ. ಪೈರೆತ್ರಾಯಿಡ್‌ಗಳು ನೀರಿನಲ್ಲಿ ಸರಿಯಾಗಿ ಕರಗದೆ ಮೇಲ್ಮೈಗಳಿಗೆ ಅಂಟಿಕೊಳ್ಳುವ ಗುಣದವು, ಹಾಗಾಗಿ ಇದ್ದಿಲು ಅವುಗಳನ್ನು ಚೆನ್ನಾಗಿ ಹಿಡಿಯುತ್ತದೆ. ಹಿಂದಿನ ಡಿಸೆಂಬರಿನಲ್ಲಿ ನಾನಿಟ್ಟಿದ್ದ ಇದ್ದಿಲಿನ ಚೀಲಕ್ಕೂ ಅಂದಿನ ಶಾಂತಿಯಲ್ಲಿ ಪಾಲಿದ್ದಿರಬಹುದು, ಆದರೆ ಜುಲೈ ಹೊತ್ತಿಗೆ ಅದನ್ನು ಬದಲಿಸದೆ ಏಳು ತಿಂಗಳಾಗಿತ್ತು. ನಡುಗುತ್ತಿದ್ದ ಸೀಗಡಿ ಮಧ್ಯಾಹ್ನದೊಳಗೆ ಹೋಯಿತು. ದೊಡ್ಡ ಕ್ಲೌನ್ ಮೀನು ಎರಡು ದಿನ ಮೂಲೆಯಲ್ಲಿ ಏದುಸಿರು ಬಿಟ್ಟು, ಮೂರನೆಯ ದಿನ ತಿಂಡಿಗೆ ಬಾಯಿ ಹಾಕಿತು. ಉಳಿದಿದ್ದ ಒಂದು ಏಡಿಯೂ ಉಳಿಯಿತು.

ಸಾಬೀತಾಯಿತೇ ಎಂದು ಗೆಳೆಯನೊಬ್ಬ ಕೇಳಿದ. ಅಂಗಡಿಗಳಲ್ಲಿ ಸಿಗುವ ಯಾವ ಕಿಟ್ಟೂ ಈ ವಿಷವನ್ನು ಅಳೆಯುವುದಿಲ್ಲ. ಖಚಿತಪಡಿಸಿಕೊಳ್ಳಬೇಕೆಂದರೆ ಎಲ್ಲವನ್ನೂ ಹಾಗೆಯೇ ಇಟ್ಟು, ಮಷಿನ್ ಒಂದನ್ನೇ ಮತ್ತೆ ಹಚ್ಚಿ, ಯಾರು ಸಾಯುತ್ತಾರೆ ಎಂದು ಕಾಯಬೇಕು. ಆ ಪ್ರಯೋಗಕ್ಕೆ ನನ್ನ ಕೈ ಏಳುವುದಿಲ್ಲ. ಈ ಸಲ ಅಮ್ಮ ನಮ್ಮಲ್ಲಿದ್ದುದು ಮುಂದೆ ಎರಡು ತಿಂಗಳು, ಮಷಿನ್ ಇಲ್ಲದೆ, ಆ ಎರಡು ತಿಂಗಳಿನಲ್ಲಿ ಒಂದೂ ಸಾವಿಲ್ಲ. ಕಾಲ್ಗುಣದ ಕೇಸು ವಜಾ ಆಗಲು ಅಷ್ಟು ಸಾಕೆಂದು ನಾನು ಭಾವಿಸಿದ್ದೇನೆ.

ಅಮ್ಮನಿಗೆ ಹೇಗೆ ಹೇಳುವುದೆಂಬುದು ಬೇರೆಯೇ ಕಷ್ಟವಾಯಿತು. ಹೆಂಡತಿ ಉಪಾಯವಾಗಿ ದಾದರ್‌ನಿಂದ ಸೊಳ್ಳೆ ಪರದೆ ತಂದು, ಕಣ್ಣಿನ ಆಪರೇಷನ್ ಆದವರಿಗೆ ಹೊಗೆ ವಾಸನೆ ಒಳ್ಳೆಯದಲ್ಲ ಎಂದು ಸುಳ್ಳು ಹೇಳಿ ಕಟ್ಟಿಬಿಟ್ಟಳು. ನಾಲ್ಕು ದಿನ ಸುಮ್ಮನಿದ್ದ ಅಮ್ಮ ಐದನೆಯ ದಿನ ನನ್ನ ಲೆಕ್ಕದ ಹಾಳೆಯನ್ನು ಮೇಜಿನ ಮೇಲೆ ಕಂಡು, ಮೊಮ್ಮಗಳಿಂದ ಓದಿಸಿ, ಎಲ್ಲ ತಿಳಿದುಕೊಂಡರು. ಬೇಸರಪಡುತ್ತಾರೆಂದು ಹೆದರಿದ್ದೆ. "ಮೊದ್ಲೇ ಹೇಳುಕ್ ಆಯ್ಲಿಲ್ಯಾ ನಿಂಗೆ?" ಎಂದು ಬೈದರು. ಸ್ವಲ್ಪ ಹೊತ್ತಿನ ಮೇಲೆ ಫೋನಿನಲ್ಲಿ ಊರಿನ ಚಿಕ್ಕಮ್ಮನಿಗೆ, ಕಾಲ್ಗುಣವಲ್ಲವಂತೆ, ಮಷಿನ್ನಂತೆ ಎಂದು ಹೇಳುತ್ತಿದ್ದ ದನಿಯಲ್ಲಿ ದೊಡ್ಡ ಭಾರ ಇಳಿಸಿದ ಹಗುರತನವಿತ್ತು. ಎರಡು ವಾರ ಅವರು ಆ ಮಾತನ್ನು ಒಳಗೇ ಇಟ್ಟುಕೊಂಡು ತೊಟ್ಟಿಯ ಎದುರು ಮಲಗಿದ್ದರು ಎಂದು ನನಗೆ ಹೊಳೆದದ್ದು ಆಗ.

ಉಪ್ಪು ಮಾರಿದ ಅಂಗಡಿಗೂ ಹೋಗಿಬಂದೆ. ನಡೆದದ್ದನ್ನು ಹೇಳಿ ಕ್ಷಮೆ ಕೇಳಿದಾಗ ಆತ ನಕ್ಕು, ನಿಮ್ಮ ಹಾಗೆ ಬೈದವರು ಬಹಳ ಜನ, ತಿರುಗಿ ಬಂದವರು ಕಡಿಮೆ ಎಂದ. ಆಮೇಲೆ ತನ್ನ ಅಂಗಡಿಯಲ್ಲಿ ಅಗರಬತ್ತಿಯನ್ನೂ ಹಚ್ಚುವುದಿಲ್ಲವೆಂದು, ಗಲ್ಲಾಪೆಟ್ಟಿಗೆಯ ಮೇಲಿನ ಗಣಪತಿಯ ಮುಂದಿದ್ದ ಎಲೆಕ್ಟ್ರಿಕ್ ದೀಪವನ್ನು ತೋರಿಸಿದ. ಅದನ್ನು ನಾನು ಮೂರು ವರ್ಷದಿಂದ ನೋಡಿದ್ದೆ, ಯಾಕೆಂದು ಕೇಳಿರಲಿಲ್ಲ.

ಈಗ ಸ್ಕಿಮ್ಮರ್‌ನ ಕೊಳವೆಗೆ ಇನ್ನೊಂದು ಉದ್ದದ ಕೊಳವೆ ಜೋಡಿಸಿ, ಕಿಟಕಿಯ ಚೌಕಟ್ಟಿನಲ್ಲಿ ತೂತು ಕೊರೆಸಿ, ಬಾಯಿಯನ್ನು ಹೊರಗಿಟ್ಟಿದ್ದೇನೆ. ನಡುವೆ ಇದ್ದಿಲು ತುಂಬಿದ ಡಬ್ಬಿಯೊಂದಿದೆ. ಪುಸ್ತಕದಲ್ಲಿ "ಮನೆ" ಎಂಬ ಹೊಸ ಕಾಲಂ ಬಂದಿದೆ. ಅದರಲ್ಲಿ ಜಿರಳೆ ಜೆಲ್, ನೆಲ ಒರೆಸುವ ಹೊಸ ದ್ರವ, ಕೆಳಗಿನ ಮನೆಯವರ ಪೇಂಟಿಂಗ್ ಇಂಥವು ದಾಖಲಾಗುತ್ತವೆ. ಹೊರಗಿನ ಗಾಳಿಯೂ ಸದಾ ನಂಬಿಕಸ್ಥವೇನಲ್ಲ. ಡೆಂಗಿ ಕಾಲದಲ್ಲಿ ಫಾಗಿಂಗ್‌ನವರು ಬೆನ್ನಿಗೆ ಯಂತ್ರ ಕಟ್ಟಿಕೊಂಡು, ಡೀಸೆಲ್ ವಾಸನೆಯ ಬಿಳಿ ಹೊಗೆ ಬಿಡುತ್ತಾ ಕಾಂಪೌಂಡಿನೊಳಗೆ ಬರುತ್ತಾರೆ, ಆ ಹೊಗೆಯಲ್ಲಿರುವುದೂ ಸೊಳ್ಳೆಯ ವಿಷವೇ. ಅವರು ಬರುವ ಹೊತ್ತು ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ನಮ್ಮ ಕಟ್ಟಡದ ವಾಚ್‌ಮನ್‌ಗೆ ಹೇಳಿಟ್ಟಿದ್ದೇನೆ. ಕಳೆದ ಗುರುವಾರ ಸಂಜೆ ಇಂಟರ್‌ಕಾಮ್ ಬಾರಿಸಿ, "ಸಾಬ್, ಧುವಾ ಆ ರಹಾ ಹೈ, ಮಛಲಿ ಕಾ ಪೈಪ್ ಅಂದರ್ ಲೇ ಲೋ" ಎಂದ. ನಾನು ಆಫೀಸಿನಿಂದ ಇನ್ನೂ ಬಂದಿರಲಿಲ್ಲ. ಫೋನ್ ಎತ್ತಿಕೊಂಡದ್ದು ಮತ್ತೆ ಊರಿನಿಂದ ಬಂದಿದ್ದ ಅಮ್ಮ. ಅವರಿಗೆ ಹಿಂದಿಯಲ್ಲಿ ಮಛಲಿ ಒಂದು ಪದ ಬರುತ್ತದೆ, ಅಷ್ಟೇ ಸಾಕಾಯಿತಂತೆ. ನಾನು ಮನೆಗೆ ಬಂದಾಗ ಕೊಳವೆ ಒಳಗಿತ್ತು, ಕಿಟಕಿಯ ತೂತಿಗೆ ಅವರ ಹಳೆಯ ಸೀರೆಯ ತುಂಡು ತುರುಕಿತ್ತು.